ಎಂಟು ಹುಟ್ಟಿನ ದೋಣಿ

ಕ್ಲಾಕ್ಸ್‌ವೀಕಿನಲ್ಲಿ ಜುಲೈ ತಿಂಗಳ ರಾತ್ರಿಗೆ
ಕತ್ತಲಾಗುವುದೇ ಮರೆತುಹೋಗಿರುತ್ತದೆ.
ಹನ್ನೊಂದೂವರೆಗೆ ನನ್ನ ಫೋನು ಮೇಜಿನ ಮೇಲೆ ಕುಣಿಯಿತು:
ಮೊದಲು ಮೀನಿನ ಕಾರ್ಖಾನೆಯ ಪೋಳ್,
ಆಮೇಲೆ ಬೇಕರಿಯ ಹೆಂಗಸು,
ಆಮೇಲೆ ಯಾರೋ ಕುಡಿದವರು.
ಎಲ್ಲರದೂ ಒಂದೇ ದೂರು.
ದೋಣಿ ಪಂದ್ಯದ ಮರುಪ್ರಸಾರ ನೋಡುತ್ತಿದ್ದೆವು,
ಗೆರೆ ಮುಟ್ಟಲು ನಾಲ್ಕು ಮಾರು ಇದೆ ಅನ್ನುವಾಗ
ದೋಣಿ ನಿಂತಿತು, ನೀರೂ ನಿಂತಿತು,
ಎತ್ತಿದ ಹುಟ್ಟಿನ ತುದಿಯ ಹನಿ
ಕೆಳಗೆ ಬೀಳಲೊಲ್ಲದು.

ಬಂದರಿನ ಹಿಂದೆ ಹಳೆಯ ಐಸ್ ಗೋದಾಮು,
ಅದೇ ನಮ್ಮ ಸರ್ವರ್ ಕೋಣೆ.
ಟ್ರೋಂಡುರ್ ಆಗಲೇ ಬಂದಿದ್ದ,
ತೆಂಕಣ ದ್ವೀಪದ ಹುಡುಗ, ಸೇರಿ ಮೂರು ವಾರ,
ಕಾಲಿಗೊಂದು ಬಣ್ಣದ ಕಾಲುಚೀಲ.
"ಎಂಟು ಕೋರಿನ ಯಂತ್ರ" ಅಂದ,
"ಸರಾಸರಿ ಹನ್ನೆರಡೂವರೆ ಪರ್ಸೆಂಟ್. ಆರಾಮಾಗಿದೆ."

ಸರಾಸರಿ!
ಸರಾಸರಿ ಮೊಣಕಾಲುದ್ದದ ನೀರಲ್ಲೇ
ಜನ ಮುಳುಗಿ ಸಾಯುವುದು.

ಇಂಟರಪ್ಟುಗಳ ಪಟ್ಟಿ ತೆರೆದೆ. ಎಂಟು ಕಂಬಸಾಲು.
ಮೊದಲನೆಯದರಲ್ಲಿ ಅಂಕಿ ಉಕ್ಕಿ ಪಕ್ಕದ ಸಾಲಿಗೆ ಒತ್ತಿತ್ತು,
ಉಳಿದ ಏಳರಲ್ಲಿ ಸೊನ್ನೆ, ಸೊನ್ನೆ, ಸೊನ್ನೆ,
ಉಪ್ಪು ಹಾಕಿಟ್ಟ ಮೀನಿನ ಕಣ್ಣುಗಳ ಹಾಗೆ.
ಪ್ಯಾಕೆಟ್ ಬಂದಾಗಲೆಲ್ಲ ನೆಟ್‌ವರ್ಕ್ ಕಾರ್ಡು
ಬಡಿಯುವುದು ಒಂದೇ ಬಾಗಿಲು, ಸೊನ್ನೆ ನಂಬರಿನದು:
ಕೈಯಲ್ಲಿದ್ದದ್ದು ಬಿಡು, ಏಳು, ಬಾ, ಇದನ್ನು ತಗೋ.
ತಗೊಂಡು ಕೂರುವಷ್ಟರಲ್ಲಿ ಮತ್ತೆ.
ಕೂರುವ ಮೊದಲೇ ಮತ್ತೆ.
ಏಳುವುದೇ ಒಂದು ಕೆಲಸವಾಗಿ
ತಂದದ್ದನ್ನು ಒಳಗಿಡಲು ಪುರುಸೊತ್ತಿಲ್ಲ;
ಹೊಸ್ತಿಲಲ್ಲಿ ರಾಶಿಬಿದ್ದದ್ದು
ಹೇಳದೆ ಕೇಳದೆ ಚೆಲ್ಲಿಹೋಗುತ್ತದೆ.

ಹತ್ತು ಮಂದಿಗೆ ಹುಲ್ಲುಕಡ್ಡಿ,
ಒಬ್ಬರಿಗೆ ತಲೆಹೊರೆ.

ನಾನೂ ಒಂಬತ್ತು ಬೇಸಿಗೆ ಹುಟ್ಟು ಹಾಕಿದವಳು,
ಹೆಂಗಸರ ದೋಣಿಯಲ್ಲಿ ಮೂರನೆಯ ಹಲಗೆ, ಎಡಗಡೆ.
ಎಂಟು ಜನ ಕೂತು ಒಬ್ಬಳೇ ಎಳೆದರೆ
ದೋಣಿ ಮುಂದೆ ಹೋಗುವುದಿಲ್ಲ,
ಇದ್ದಲ್ಲೇ ಸುತ್ತುತ್ತದೆ.

"ತಾನಾಗಿ ಹಂಚುವ ಸೇವೆ ಇರುತ್ತದಲ್ಲ ಲಿನಕ್ಸಿನಲ್ಲಿ?"
ಇತ್ತು. ಹತ್ತು ಸೆಕೆಂಡಿಗೊಮ್ಮೆ ಎದ್ದು
ಇವನ ಹೊರೆ ಅವನಿಗೆ, ಅವನದು ಇವನಿಗೆ;
ಕೂತು ಬೆಚ್ಚಗಾದ ಹಲಗೆಯಿಂದ ಎಬ್ಬಿಸಿ
ತಣ್ಣನೆಯದಕ್ಕೆ ಅಟ್ಟುತ್ತಿತ್ತು.
ಹೋದ ವರ್ಷ ಸಿಟ್ಟು ಬಂದು ನಿಲ್ಲಿಸಿದವಳು ನಾನೇ.
ನಿಲ್ಲಿಸಿ, ಬದಲಿಗೆ ಏನೂ ಬರೆಯದೆ,
ಊಟಕ್ಕೆ ಹೋಗಿದ್ದೆ.
ಇದನ್ನು ಟ್ರೋಂಡುರ್‌ಗೆ ಹೇಳಲು
ಸ್ವಲ್ಪ ಹೊತ್ತು ಹಿಡಿಯಿತು.

ಕಾರ್ಡಿನಲ್ಲಿ ಎಂಟು ಸರದಿ, ಸರದಿಗೊಂದು ಇಂಟರಪ್ಟ್.
ಯಾವುದು ಯಾರ ಬಾಗಿಲಿಗೆ ಎಂದು ಕೈಯಿಂದಲೇ ಬರೆದೆ:
ಒಂದು. ಎರಡು. ನಾಲ್ಕು. ಎಂಟು.
ಆಮೇಲೆ ಹತ್ತು, ಅಂದರೆ ಹದಿನಾರು,
ಈ ಮಗ್ಗಿಯವರಿಗೆ ಕೈಬೆರಳೇ ಹದಿನಾರು.
ಇಪ್ಪತ್ತು. ನಲವತ್ತು. ಎಂಬತ್ತು.
ಎಂಟರ್ ಒತ್ತಿದಾಗೊಮ್ಮೆ
ಒಂದೊಂದು ಸೊನ್ನೆ ಕಣ್ಣು ಬಿಟ್ಟಿತು.

ಹನಿ ಬಿತ್ತು.
ಊರಿನ ಎಲ್ಲ ಪರದೆಗಳಲ್ಲಿ ದೋಣಿ ಗೆರೆ ಮುಟ್ಟಿತು
(ಗೆದ್ದದ್ದು ಪಕ್ಕದ ದ್ವೀಪದವರು, ಅದು ಬೇರೆ ಮಾತು).

"ಐದನ್ನು ನೋಡಿ" ಅಂದ.
ಎಲ್ಲರೂ ಇಪ್ಪತ್ತರ ಆಚೀಚೆ, ಐದು ಮಾತ್ರ ಎಪ್ಪತ್ತು.
ಅದು ಆಸ್ಪತ್ರೆಯ ಕೊಳವೆ,
ಸ್ಕ್ಯಾನುಗಳೆಲ್ಲ ರಾಜಧಾನಿಗೆ ಹೋಗುವ ದಾರಿ.
ಒಂದೇ ವಿಳಾಸದಿಂದ ಒಂದೇ ವಿಳಾಸಕ್ಕೆ;
ಕಾರ್ಡು ಎಷ್ಟು ಸಲ ಲೆಕ್ಕ ಹಾಕಿದರೂ
ಉತ್ತರ ಐದೇ.
"ಇದನ್ನೂ ಒಡೆದು ಹಂಚೋಣವೇ?"
ಬೇಡ ಮಾರಾಯ. ಒಡೆದರೆ ಹಿಂದಿನದು ಮುಂದಾಗುತ್ತದೆ,
ಆ ತುದಿಯವರು ಪಕ್ಕೆಲುಬು ಜೋಡಿಸುತ್ತ ಕೂರಬೇಕು.
ಐದರ ಮೇಲಿದ್ದ ಡಿಸ್ಕಿನ ಕೆಲಸ, ಲಾಗಿನ ಕೆಲಸ
ಎತ್ತಿ ಬೇರೆಡೆ ಇಟ್ಟೆ.
ಅಷ್ಟು ಮಾಡಬಹುದಿತ್ತು.

ಎರಡು ಗಂಟೆ. ಹೊರಗೆ ಬೆಳಕಿನಲ್ಲಿ
ಕುರಿಗಳು ರಸ್ತೆ ದಾಟುತ್ತಿದ್ದವು.
ಫೋನು ಮತ್ತೆ ಕುಣಿಯಿತು. ಕೈ ಚಾಚಿದೆ, ಅಭ್ಯಾಸ.
ಟ್ರೋಂಡುರ್ ಮೊದಲೇ ಎತ್ತಿಕೊಂಡಿದ್ದ:
"ಹೌದು, ಸರಿಹೋಗಿದೆ. ಇಲ್ಲ, ಅವರಲ್ಲ.
ನಾನು. ಹೊಸಬ."

ಕುಡಿದವರೇ ಇರಬೇಕು,
ಮೂರು ಸಲ ಹೆಸರು ಹೇಳಿದ.
ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ
ಅವನ ತಣ್ಣಗಾದ ಕಾಫಿ ಎತ್ತಿಕೊಂಡು ಕುಡಿದೆ.